ಯಜಮಾನರ ಕಾಲಂನಲ್ಲಿ ಒಂದು ಗೆರೆ

ರಾತ್ರಿ ಎರಡೂ ಕಾಲು. ಕಂಕನಾಡಿಯ ಆಸ್ಪತ್ರೆಯ ನೆಲಮಾಳಿಗೆ.
ಸ್ಕ್ಯಾನಿಂಗ್ ಕೋಣೆಯಿಂದ ಮೂರನೇ ಸಲ ಫೋನು:
"ಚಿತ್ರ ಉಳಿಯುವುದಿಲ್ಲ ಮೇಡಂ, ಜಾಗ ಇಲ್ಲ ಅಂತದೆ."
ಯಾರದೋ ಸೊಂಟ, ಯಾರದೋ ಶ್ವಾಸಕೋಶ
ಬಾಗಿಲಲ್ಲಿ ನಿಂತು ಕಾಯುತ್ತಿವೆ.

ಜಾಗ ಉಂಟು. ಕಳೆದ ವಾರ ನಾನೇ ತುರುಕಿದ್ದೇನೆ
ಆರು ಡಿಸ್ಕು, ಕೊನೆಯ ಕಪಾಟಿನ ಕೆಳಸಾಲಿಗೆ;
ತಗಡಿನ ಅಂಚು ಗೀರಿದ ಹೆಬ್ಬೆರಳು ಇನ್ನೂ ಮಾಗಿಲ್ಲ.

ಇಲ್ಲಿ ಒತ್ತಲು ಗುಂಡಿಯಿಲ್ಲ, ತೋರಿಸಲು ಚಿತ್ರವಿಲ್ಲ.
ಕಪ್ಪು ಪರದೆ, ಮಿಣುಕುವ ಕಡ್ಡಿ.
ಸರಿಯಾಗಿ ಕೇಳಿದರೆ ಮಾತ್ರ ಉತ್ತರ.
ಒಂದು ಅಡ್ಡಗೆರೆ ತಪ್ಪಿದರೂ
ನಮ್ಮ ಗಣಿತದ ಸಿಸ್ಟರ್ ಹಾಗೆ
ತಪ್ಪೆಲ್ಲಿ ಎಂದು ಹೇಳದೆ ಸುಮ್ಮನೆ ನೋಡುತ್ತದೆ.

ಟೈಪ್ ಮಾಡುತ್ತೇನೆ: ಡಿಸ್ಕುಗಳನ್ನು ತೋರಿಸು,
ಯಾರಿಗೂ ಸೇರದವನ್ನು ಮಾತ್ರ.

ಬಂತು ಪಟ್ಟಿ.
ಕಪಾಟು, ಮನೆ, ಗಾತ್ರ, ಜಾತಿ (ಹೌದು, ಡಿಸ್ಕಿಗೂ ಜಾತಿ ಉಂಟು),
ಕೊನೆಗೆ ಯಜಮಾನರ ಕಾಲಂ.
ಅಲ್ಲಿ ಒಂದೊಂದು ಸಣ್ಣ ಗೆರೆ, ಅಷ್ಟೆ.
ಎಣಿಸಿದೆ. ಐದು.
ಇನ್ನೊಮ್ಮೆ ಎಣಿಸಿದೆ.

"ಎಂತ ಮೇಡಂ, ಲೆಕ್ಕ ತಪ್ಪಿತಾ?"
ದೇಜಪ್ಪಣ್ಣ. ರಾತ್ರಿಯ ವಾಚ್‌ಮನ್. ಫ್ಲಾಸ್ಕ್ ಹಿಡಿದು
ಈ ತಂಪಿಗೇ ಬಂದು ಕೂರುವವರು:
ಹತ್ತೊಂಬತ್ತು ವರ್ಷ ಧಕ್ಕೆಯ ಐಸ್ ಪ್ಲಾಂಟಿನಲ್ಲಿ ಇದ್ದವರಿಗೆ
ಮೇಲಿನ ಸೆಕೆ ಒಗ್ಗುವುದಿಲ್ಲವಂತೆ.
"ಆರು ಇಟ್ಟದ್ದು. ಐದು ಹೇಳ್ತದೆ."
"ಯಾರದ್ದು ಅವು?"
"ಯಾರದ್ದೂ ಅಲ್ಲ."
"ಯಾರದ್ದೂ ಅಲ್ಲದ್ದನ್ನು ಇಷ್ಟು ತಣ್ಣಗೆ ಇಟ್ಟು ಸಾಕುವುದಾ?"
ಮತ್ತೆ ತಾನೇ ಚಾ ಬಗ್ಗಿಸುತ್ತ:
"ಐಸಿನ ಗಟ್ಟಿಯೂ ಹಾಗೆಯೇ ಅನ್ನಿ.
ದೋಣಿ ಬರುವವರೆಗೆ ಅದು ಯಾರದ್ದು?
ಬಂದ ಮೇಲೆ ಹೆಸರು, ಹುಡಿ, ಬಂಗುಡೆ.
ಅಷ್ಟರವರೆಗೆ ಕರಗದಿದ್ದರೆ ಆಯಿತು."

ಈ ಸಲ ಎಲ್ಲವನ್ನೂ ತೋರಿಸು ಎನ್ನುತ್ತೇನೆ.
ಸಾಲು ಸಾಲು ಸಾಲು, ಕಣ್ಣು ಹಿಡಿಯುವ ಮೊದಲೇ ಮೇಲೆ ಓಡುತ್ತವೆ:
ನೇತ್ರಾವತಿ, ನೇತ್ರಾವತಿ, ಫಲ್ಗುಣಿ, ನೇತ್ರಾವತಿ
(ಯಂತ್ರಗಳಿಗೆ ಹೊಳೆಯ ಹೆಸರಿಟ್ಟದ್ದು
ನನಗಿಂತ ಮೊದಲಿದ್ದ ಸಿಕ್ವೇರಾ;
ಒಂದು ಬತ್ತಿದರೆ ಇನ್ನೊಂದು ಹೊರಬೇಕು ಎನ್ನುತ್ತಿದ್ದರು)
ಫಲ್ಗುಣಿ, ಫಲ್ಗುಣಿ,
ಶಾಂಭವಿ.

ಶಾಂಭವಿಯನ್ನು ಚೌತಿಗೆ ಮೊದಲೇ
ಗುಜರಿಯ ಟೆಂಪೊ ತೂಗಿ ಒಯ್ದಿದೆ.
ಚೆನ್ನಾಗಿದೆಯಲ್ಲ, ಬಿಸಾಡುವುದು ಯಾಕೆ ಎಂದು
ಈ ಒಂದನ್ನು ಕಿತ್ತಿಟ್ಟದ್ದು ನಾನೇ.
ಯಜಮಾನಿ ಇಲ್ಲ ಎಂದು ಇದಕ್ಕೆ ಯಾರೂ ಹೇಳಿಲ್ಲ.
ಅನಾಥರ ಪಟ್ಟಿಯಲ್ಲಿ ಅದು ಹೆಸರು ಕೊಟ್ಟಿಲ್ಲ.

ನಗು ಬಂತು. ಬೋಳಾರದ ನಮ್ಮ ಬಾಡಿಗೆ ಮನೆಗೆ
ಹದಿನಾಲ್ಕು ವರ್ಷದಿಂದ ಕರೆಂಟ್ ಬಿಲ್ಲು
ಅಗಸ್ಟಿನ್ ಪತ್ರಾವೊ ಹೆಸರಿಗೇ ಬರುವುದು.
ಯಾರವರು, ಇದ್ದಾರಾ, ಓನರಿಗೂ ಗೊತ್ತಿಲ್ಲ.
ನಾವು ಅರೆಯುವ ಮಸಾಲೆ, ಮಗಳು ಮರೆತುಹೋದ ಫ್ಯಾನು,
ಅತ್ತೆಯ ಕೊನೆಯ ತಿಂಗಳು ಇಡೀ ರಾತ್ರಿ ಉರಿದ ಬಲ್ಬು,
ಎಲ್ಲ ಅವರ ಲೆಕ್ಕ.
ಬದಲಿಸಲು ಎರಡು ಸಲ ಹೋದೆ;
ಅವರ ಸಹಿ ಬೇಕೆಂದರು.

ಇಲ್ಲಿ ಸಹಿ ಬೇಡ. ಸಾಲಿನ ಕೊನೆಗೆ
ಬಲವಂತ ಎಂಬರ್ಥದ ಒಂದು ಶಬ್ದ ಸಾಕು.
ಖಂಡಿತವಾ ಎಂದು ಯಂತ್ರ ಒಮ್ಮೆ ಕೇಳುತ್ತದೆ.
ಡಿಸ್ಕಿನ ನಂಬರನ್ನು ಗಟ್ಟಿಯಾಗಿ ಓದುತ್ತೇನೆ,
ದೇಜಪ್ಪಣ್ಣ ಪರದೆಗೆ ಬೆರಳಿಟ್ಟು
ಒಂದೊಂದೇ ಅಂಕಿ ಒಪ್ಪಿಸುತ್ತಾರೆ.
ತಪ್ಪಿದರೆ ಬೇರೆ ಯಾರದೋ ಶ್ವಾಸಕೋಶ.

ವೈ. ಎಂಟರ್.

ಮತ್ತೆ ಅದೇ ಪ್ರಶ್ನೆ. ಈಗ ಆರು ಗೆರೆ.
ಐದನ್ನು ನೇತ್ರಾವತಿಗೆ ಬರೆದುಕೊಟ್ಟೆ.
ಆರನೆಯದನ್ನೂ ಕೊಡಬೇಕು, ನಿಯಮ ಹಾಗೆ.
ಕೊಡುತ್ತೇನೆ, ಬೆಳಗಾಗಲಿ.
ಒಂದು ರಾತ್ರಿ ಅದು ಸುಮ್ಮನೆ ಗೆರೆಯಾಗಿರಲಿ.

ಫ್ಲಾಸ್ಕಿನಲ್ಲಿ ಉಳಿದದ್ದು ಅರ್ಧ ಗ್ಲಾಸು, ಹಂಚಿಕೊಂಡೆವು.
ಮೇಲಿನಿಂದ ಫೋನು: ಸೊಂಟ ಉಳಿಯಿತಂತೆ.
ಯಾರದ್ದೆಂದು ನಾನು ಕೇಳಲಿಲ್ಲ.